ಹಳೇ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಾ, ಇಲ್ಲ ಹೊಸದೇ ಕಟ್ಟಲಾ? ಬಜೆಟ್ ತುಂಬಾ ಕಮ್ಮಿ

ಹಳೇಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಅಸೆಂಬಲ್ ಮಾಡಿಸಿದ ಹಳೇ ಡೆಸ್ಕ್‌ಟಾಪ್ ಒಂದಿದೆ. ಐ5 6500 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ್ಯಾಮ್ (ಒಂದೇ ಸ್ಟಿಕ್), 1 ಟಿಬಿ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಸ್‌ಎಂಪಿಎಸ್ (ಒಳಗೆಲ್ಲಾ ಕರೆಂಟ್ ಕೊಡೋ ಪೆಟ್ಟಿಗೆ) ಮೇಲೆ 450 ವ್ಯಾಟ್ ಅಂತ ಬರೆದಿದೆ.

ನಾನು ವಿಡಿಯೋ ಎಡಿಟ್ ಮಾಡುತ್ತೇನೆ, ಹತ್ತು ಹದಿನೈದು ನಿಮಿಷದವು. ತಂಗಿ ಅನಿಮೇಷನ್ ಓದುತ್ತಿದ್ದಾಳೆ, ಅವಳಿಗೆ ಬ್ಲೆಂಡರ್ (3ಡಿ ಅನಿಮೇಷನ್ ಸಾಫ್ಟ್‌ವೇರ್) ಬೇಕು. ಈಗ ಕಂಪ್ಯೂಟರ್ ಎಷ್ಟು ನಿಧಾನ ಅಂದ್ರೆ, ಆನ್ ಮಾಡಿ ಹೋಗಿ ಮುಖ ತೊಳೆದು ಬಂದರೂ ಚಕ್ರ ತಿರುಗುತ್ತಾ ಇರುತ್ತೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಸರಿ ಹೋಗುತ್ತೆ ಅಂತ ಗೊತ್ತಿರುವವರೊಬ್ಬರು ಹೇಳಿದರು. ಒಂದೇ ಸಲ ದೊಡ್ಡ ಮೊತ್ತ ಹಾಕೋಕೆ ಆಗಲ್ಲ. ಎರಡು ಮೂರು ತಿಂಗಳಿಗೊಮ್ಮೆ ಒಂದೊಂದು ಭಾಗ ತಗೋಬಹುದು. ಯಾವ ಕಾರ್ಡ್ ತಗೊಳ್ಳಲಿ?

ತಿರುಪುಳಿ:
ಸದ್ಯಕ್ಕೆ ಯಾವ ಕಾರ್ಡೂ ಬೇಡ. ಮೊದಲು ಯಾವುದು ಎಳೀತಾ ಇದೆ ನೋಡೋಣ.

ಎರಡು ದಿನ ಹೀಗೆ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಟ್ಯಾಬ್ ತೆರೆದಿಟ್ಟುಕೊಂಡು ನಿಮ್ಮ ಮಾಮೂಲಿ ಕೆಲಸ ಮಾಡಿ. ನಿಧಾನ ಅನಿಸಿದ ತಕ್ಷಣ ನಾಲ್ಕು ಅಂಕಿ ಬರೆದುಕೊಳ್ಳಿ: ಸಿಪಿಯು ಎಷ್ಟು ಪರ್ಸೆಂಟ್, ರ್ಯಾಮ್ ಎಷ್ಟು ತುಂಬಿದೆ, ಡಿಸ್ಕ್ ಎಷ್ಟು ಪರ್ಸೆಂಟ್, ಆ ಡಿಸ್ಕ್ ಸೆಕೆಂಡಿಗೆ ಎಷ್ಟು ಎಂಬಿ ಓದ್ತಾ ಇದೆ. ಕೊನೇದು ತುಂಬಾ ಮುಖ್ಯ, ಅದನ್ನ ಬಿಡಬೇಡಿ.

ಹಳೇಪೆಟ್ಟಿಗೆ:
ಬರೆದುಕೊಂಡು ಬಂದೆ ಸರ್.

ಆನ್ ಆದ ಮೇಲೆ ಮೊದಲ ನಾಲ್ಕೈದು ನಿಮಿಷ: ಸಿಪಿಯು 30 ರಿಂದ 40, ಡಿಸ್ಕ್ 100, ಓದುತ್ತಿರುವುದು ಬರೀ 1.3 ಎಂಬಿ.
ಬ್ರೌಸರ್ ಜೊತೆ ಎಡಿಟಿಂಗ್ ತೆರೆದಾಗ: ರ್ಯಾಮ್ 7.4 ಜಿಬಿ ತುಂಬಿದೆ, ಡಿಸ್ಕ್ ಮತ್ತೆ 100.
ವಿಡಿಯೋ ಎಕ್ಸ್‌ಪೋರ್ಟ್: ಸಿಪಿಯು 100, ಡಿಸ್ಕ್ ಕಮ್ಮಿ.
ತಂಗಿ ಬ್ಲೆಂಡರ್‌ನಲ್ಲಿ ರೆಂಡರ್ (ಸೀನ್‌ನಿಂದ ಕೊನೆಯ ಚಿತ್ರ ತಯಾರಿಸೋದು) ಹಾಕಿದಾಗ: ಸಿಪಿಯು 100. ಒಂದೇ ಒಂದು ಫ್ರೇಮ್‌ಗೆ 38 ನಿಮಿಷ.

ಡಿಸ್ಕ್ 100 ಪರ್ಸೆಂಟ್ ಇದ್ದರೂ 1.3 ಎಂಬಿ ಮಾತ್ರ ಹೇಗೆ? ಹಾರ್ಡ್ ಡಿಸ್ಕ್ 100 ಎಂಬಿ ಮೇಲೆ ಓಡುತ್ತೆ ಅಲ್ವಾ?

ತಿರುಪುಳಿ:
ದೊಡ್ಡ ಸಿನಿಮಾ ಫೈಲ್ ಒಂದನ್ನ ನಕಲು ಮಾಡುವಾಗ ಓಡುತ್ತೆ. ವಿಂಡೋಸ್ ಶುರುವಾಗುವಾಗ ಓದೋದು ಸಾವಿರಾರು ಚಿಕ್ಕ ಚಿಕ್ಕ ಫೈಲ್, ಅವು ತಟ್ಟೆಯ ತುಂಬಾ ಚೆದುರಿ ಬಿದ್ದಿರುತ್ತವೆ.

ಲೆಕ್ಕ ಹಾಕಿ ನೋಡಿ. ಡಿಸ್ಕ್ ನಿಮಿಷಕ್ಕೆ 7200 ಸುತ್ತು. ಅಂದ್ರೆ ಸೆಕೆಂಡಿಗೆ 120, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, 4.2. ಮುಳ್ಳು ಆ ಸಾಲಿಗೆ ಸರಿಯೋಕೆ ಇನ್ನೊಂದು 9. ಒಟ್ಟು 13 ಮಿಲಿಸೆಕೆಂಡ್. ಹೀಗಾದರೆ ಸೆಕೆಂಡಿಗೆ 75 ಸಲ ಓದಬಹುದು, ಅಷ್ಟೇ. ಪ್ರತಿ ಸಲ 16 ಕೆಬಿ ಓದಿದರೂ 1.2 ಎಂಬಿ. ನಿಮ್ಮ ಅಂಕಿ ಅದೇ! ಡಿಸ್ಕ್ ಕೆಟ್ಟಿಲ್ಲ. ಅದರ ಕೈಲಾದಷ್ಟು ಅದು ಮಾಡ್ತಾ ಇದೆ.

ಎಸ್‌ಎಸ್‌ಡಿ ಅಂದ್ರೆ ಫೈಲ್‌ಗಳನ್ನ ಚಿಪ್‌ನಲ್ಲೇ ಇಡೋ ಡಿಸ್ಕ್. ಅದರಲ್ಲಿ ತಿರುಗೋದೂ ಇಲ್ಲ, ಸರಿಯೋದೂ ಇಲ್ಲ. ಇಂಥ ಚಿಕ್ಕ ಓದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆಗುತ್ತೆ. ನಿಮ್ಮ ಮೊದಲ ಖರ್ಚು ಇದಕ್ಕೇ.

ನಿಮ್ಮ ಬೋರ್ಡ್‌ನಲ್ಲಿ ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕೂರೋ ಜಾಗ) ಇದೆಯಾ ನೋಡಿ. ಎಚ್110ರಲ್ಲಿ ಬಹಳಷ್ಟಕ್ಕೆ ಇರಲ್ಲ. ಇಲ್ಲದಿದ್ದರೆ ಹಾರ್ಡ್ ಡಿಸ್ಕ್ ಥರ ಕೇಬಲ್‌ನಲ್ಲಿ ಸೇರಿಸೋ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಳ್ಳಿ. ಅದು 550 ಎಂಬಿಗೆ ನಿಲ್ಲುತ್ತೆ, ಎಂ.2ನಲ್ಲಿ ಕೂರೋ ಎನ್‌ವಿಎಂಇ ಎಸ್‌ಎಸ್‌ಡಿ 3500 ದಾಟುತ್ತೆ ಅಂತ ಬೇಜಾರು ಬೇಡ. ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ಆಗೋ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಅಷ್ಟು ಗೊತ್ತಾಗಲ್ಲ.

ನೀಲಿಪರದೆ:
ರ್ಯಾಮ್ ಬಗ್ಗೆ ನಾನು ಹೇಳ್ತೀನಿ. 7.4 ತುಂಬಿದೆ ಅಂದ್ರೆ ಉಳಿದದ್ದು ಡಿಸ್ಕ್‌ಗೆ ಹೋಗ್ತಾ ಇದೆ. ಆ ಡಿಸ್ಕ್ ಮೊದಲೇ ಸುಸ್ತಾಗಿದೆ. ಎರಡೂ ಸೇರಿ ಉಸಿರು ಕಟ್ಟುತ್ತಿದೆ. ಇನ್ನೊಂದು 8 ಜಿಬಿ ಸ್ಟಿಕ್ ಹಾಕಿ.

ಎರಡು ಸ್ಟಿಕ್ ಆದರೆ ಇನ್ನೊಂದು ಲಾಭ ಇದೆ. ನಿಮ್ಮ ಬೋರ್ಡ್‌ನಲ್ಲಿ ರ್ಯಾಮ್ 2133 ವೇಗದಲ್ಲಿ ಓಡುತ್ತೆ. ಒಂದು ಚಾನೆಲ್‌ಗೆ ಸೆಕೆಂಡಿಗೆ 17 ಜಿಬಿ, ಎರಡಾದರೆ 34. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸೋಕೂ ಇದೇ ರ್ಯಾಮ್ ಬಳಕೆ ಆಗುತ್ತೆ. ಹಾಗಾಗಿ ಅಲ್ಲೂ ಅನುಕೂಲ.

2025ರ ಕೊನೆಯಿಂದ ರ್ಯಾಮ್ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ಳುತ್ತಿವೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ನೋಡಿ. ಎಲ್ಲಾ ಭಾಗಗಳಲ್ಲೂ ಹಳೇದು ಕೊಳ್ಳೋಕೆ ಕಡಿಮೆ ಭಯ ಇರೋದು ರ್ಯಾಮ್‌ಗೇ. ತಂದ ದಿನ ರ್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಬಿಡಿ. ಒಂದು ಕೆಂಪು ಸಾಲು ಬಂದರೂ ವಾಪಸ್ ಕೊಡಿ. ಲ್ಯಾಪ್‌ಟಾಪ್‌ದು ಉದ್ದದಲ್ಲಿ ಚಿಕ್ಕದು, ಕೂರಲ್ಲ. ಸರ್ವರ್‌ದು ನೋಡೋಕೆ ಒಂದೇ ಥರ ಇರುತ್ತೆ, ಅಗ್ಗಕ್ಕೂ ಸಿಗುತ್ತೆ. ಸ್ಟಿಕ್ಕರ್ ಮೇಲೆ ರಿಜಿಸ್ಟರ್ಡ್ ಇಸಿಸಿ ಅಂತ ಇದ್ದರೆ ಮುಟ್ಟಬೇಡಿ, ನಿಮ್ಮ ಬೋರ್ಡ್‌ನಲ್ಲಿ ಅದು ಓಡಲ್ಲ.

ಹೊಸಚಿಪ್:
ನಾನು ಬೇರೆ ಥರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಐ5 6500 ಬಂದಿದ್ದು 2015ರಲ್ಲಿ. ನಾಲ್ಕೇ ಕೋರ್. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಇಂಟೆಲ್‌ನ 8ನೇ ತಲೆಮಾರಿನಿಂದ ಶುರು, ನಿಮ್ಮದು 6ನೇದು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹೆಸರು ನೋಂದಾಯಿಸಿದವರಿಗೆ ಸೆಕ್ಯುರಿಟಿ ಅಪ್‌ಡೇಟ್ ಇನ್ನೊಂದು ವರ್ಷ ಸಿಗುತ್ತೆ ಅಷ್ಟೇ. ಇಂಥದ್ದಕ್ಕೆ ಯಾಕೆ ದುಡ್ಡು ಸುರಿಯೋದು? ಆರು ತಿಂಗಳು ಕೂಡಿಟ್ಟು ಎಎಂ5 (ಎಎಂಡಿ ಪ್ರೊಸೆಸರ್ ಕೂರೋ ಹೊಸ ಸಾಕೆಟ್) ಕಟ್ಟಿ. ಆ ಸಾಕೆಟ್‌ಗೆ 2027ರವರೆಗೂ, ಆಮೇಲೂ ಪ್ರೊಸೆಸರ್ ಬರುತ್ತೆ ಅಂತ ಎಎಂಡಿನೇ ಹೇಳಿದೆ. ಅದರ ಹಿಂದಿನ ಎಎಂ4ಗೆ ಮುಂದೆ ದಾರಿ ಇಲ್ಲ.

ತಿರುಪುಳಿ:
ಸೊನ್ನೆಯಿಂದ ಶುರು ಮಾಡುವವರಿಗಾದರೆ ನಾನೂ ಇದನ್ನೇ ಯೋಚಿಸುತ್ತಿದ್ದೆ. ಇವರ ವಿಷಯ ಬೇರೆ. ಎಎಂ5ಗೆ ಡಿಡಿಆರ್5 ಮಾತ್ರ. ಇವರ ಹತ್ತಿರ ಇರೋ ಡಿಡಿಆರ್4 ಅಲ್ಲಿ ಕೂರಲ್ಲ. ರ್ಯಾಮ್ ಇಷ್ಟು ತುಟ್ಟಿಯಾಗಿರುವಾಗ ಕೈಯಲ್ಲಿರೋದನ್ನ ಬಿಡೋದು ನಷ್ಟ. ಮತ್ತೆ ಆರು ತಿಂಗಳು ಇದೇ ಹಾರ್ಡ್ ಡಿಸ್ಕ್ ಮುಂದೆ ಕೂತು ಅವರು ಕೆಲಸ ಮಾಡಬೇಕಲ್ಲ.

ನನ್ನ ಮಾತು ಇಷ್ಟೇ. ಈಗ ತಗೊಳ್ಳೋ ಪ್ರತಿ ಭಾಗವೂ ನಾಳೆ ಹೊಸ ಬೋರ್ಡ್‌ಗೆ ಹಾಗೇ ಎತ್ತಿ ಹಾಕೋ ಹಾಗಿರಬೇಕು. ಎಸ್‌ಎಸ್‌ಡಿ ಹೋಗುತ್ತೆ. ಡಿಡಿಆರ್4 ರ್ಯಾಮ್ ಎಎಂ4ಗೂ ಹೋಗುತ್ತೆ, ಡಿಡಿಆರ್4 ಸ್ಲಾಟ್ ಇರುವ ಇಂಟೆಲ್‌ನ ಎಲ್‌ಜಿಎ 1700 ಬೋರ್ಡ್‌ಗೂ ಹೋಗುತ್ತೆ. ಒಳ್ಳೆ ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೋಗುತ್ತವೆ. ಕ್ಯಾಬಿನೆಟ್ ಕೂಡ ಇದೇ ಸಾಕು. ಕೊನೆಗೆ ಬದಲಾಗೋದು ಬೋರ್ಡ್ ಮತ್ತು ಪ್ರೊಸೆಸರ್ ಮಾತ್ರ.

ಹೋಗದೇ ಇರೋದು ಯಾವುದು ಗೊತ್ತಾ? ಇದೇ ಬೋರ್ಡ್‌ಗೆ ಹಳೇ ಐ7 ಹುಡುಕಿ ಹಾಕೋದು. ಅದು ಆ ಬೋರ್ಡ್ ಜೊತೆಗೇ ಮುಗಿಯುತ್ತೆ. 8ನೇ ತಲೆಮಾರಿನ ಚಿಪ್ ಹಾಕೋಣ ಅಂದ್ರೆ ಅದೂ ಆಗಲ್ಲ. ಸಾಕೆಟ್ ಹೆಸರು ಎರಡಕ್ಕೂ 1151, ಆದರೆ ಅದಕ್ಕೆ 300 ಸರಣಿಯ ಬೋರ್ಡ್ ಬೇಕು. ಈ ತಪ್ಪು ಮಾಡಿದವರನ್ನ ಬೇಕಾದಷ್ಟು ನೋಡಿದ್ದೀನಿ.

ಹೊಸಚಿಪ್:
ಎತ್ತಿ ಹಾಕೋ ಲೆಕ್ಕ ಒಪ್ಪಿದೆ. ರ್ಯಾಮ್ ವಿಷಯ ನಾನು ಯೋಚಿಸಿರಲಿಲ್ಲ.

ರಿಪೇರಿಅಕ್ಕ:
ಎಲ್ಲರೂ ಎಸ್‌ಎಂಪಿಎಸ್ ಮರೆತಿದ್ದೀರಿ. ಹಳೇಪೆಟ್ಟಿಗೆ ಅವರೇ, ಕ್ಯಾಬಿನೆಟ್ ತೆರೆದು ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. ದೊಡ್ಡ ಅಕ್ಷರದ 450 ಬಿಡಿ. ಕೆಳಗೆ ಚಿಕ್ಕ ಟೇಬಲ್ ಇರುತ್ತೆ. ಅದರಲ್ಲಿ +12ವೋ ಅಂತ ಇರುವ ಕಾಲಂನಲ್ಲಿ ಎಷ್ಟು ಆಂಪಿಯರ್ ಇದೆ?

ಹಳೇಪೆಟ್ಟಿಗೆ:
16 ಆಂಪಿಯರ್ ಮೇಡಂ.

ರಿಪೇರಿಅಕ್ಕ:
12ರಿಂದ ಗುಣಿಸಿ. 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯೋದು ಈ 12 ವೋಲ್ಟ್ ಸಾಲಿನಿಂದ. ಮಿಕ್ಕಿದ ವ್ಯಾಟ್ ಎಲ್ಲಾ ಈಗಿನ ಕಂಪ್ಯೂಟರ್ ಹೆಚ್ಚು ಬಳಸದ 3.3 ಮತ್ತು 5 ವೋಲ್ಟ್ ಸಾಲಿನಲ್ಲಿ ತೋರಿಸಿದ್ದಾರೆ. ಅಂದ್ರೆ ನಿಮ್ಮ ಕೆಲಸಕ್ಕೆ ಇದು 200 ವ್ಯಾಟ್‌ಗೂ ಕಮ್ಮಿ. ಇದರ ಮೇಲೆ ದೊಡ್ಡ ಕಾರ್ಡ್ ಹಾಕಿದ್ದರೆ ರೆಂಡರ್ ಮಧ್ಯದಲ್ಲಿ ಟಪ್ ಅಂತ ಆಫ್ ಆಗುತ್ತಿತ್ತು. ಅದು ಒಳ್ಳೇ ಸಂದರ್ಭದಲ್ಲಿ. ಕೆಟ್ಟ ಸಂದರ್ಭದಲ್ಲಿ ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗುತ್ತೆ.

80 ಪ್ಲಸ್ ಗುರುತು ಇದ್ದರೆ ಒಳ್ಳೇದು. ಆದರೆ ಆ ಗುರುತು ಹೇಳೋದು ಕರೆಂಟ್ ಎಷ್ಟು ಪೋಲಾಗಲ್ಲ ಅಂತ ಮಾತ್ರ, ಒಳಗಿನ ಕೆಪಾಸಿಟರ್ ಎಷ್ಟು ವರ್ಷ ಬಾಳುತ್ತೆ ಅಂತ ಅಲ್ಲ. ಹಾಗಾಗಿ ವಾರಂಟಿ ನೋಡಿ. ಐದು ವರ್ಷ ಕೊಡೋ 550 ವ್ಯಾಟ್‌ದು ನಿಮಗೆ ಧಾರಾಳ ಸಾಕು. ಇದೊಂದನ್ನ ಮಾತ್ರ ಸೆಕೆಂಡ್ ಹ್ಯಾಂಡ್ ತಗೋಬೇಡಿ.

ಇನ್ನೊಂದು. ಕೇಬಲ್ ಬಿಚ್ಚಿ ಹಾಕೋ ಮಾದರಿಯದ್ದು ತಂದರೆ ಅದರ ಜೊತೆ ಬಂದ ಕೇಬಲ್ ಮಾತ್ರ ಬಳಸಿ. ಒಂದು ಸಲ ಅವಸರದಲ್ಲಿ ಬೇರೆ ಕಂಪನಿಯ ಸಾಟಾ ಕೇಬಲ್ ಹಾಕಿದೆ. ಸರಿಯಾಗಿ ಕೂತಿತು, ಕ್ಲಿಕ್ ಅಂತು. ಆನ್ ಮಾಡಿದ ಕ್ಷಣ ಸುಟ್ಟ ವಾಸನೆ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್‌ಗೆ ಯಾವ ವೋಲ್ಟ್ ಅನ್ನೋದಕ್ಕೆ ಎಲ್ಲರಿಗೂ ಒಂದೇ ನಿಯಮ ಇಲ್ಲ. 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿತ್ತು. ಡಿಸ್ಕ್ ನನ್ನದಲ್ಲ, ರಿಪೇರಿಗೆ ಕೊಟ್ಟವರದು. ಅವರ ಮಗಳ ಚಿಕ್ಕಂದಿನ ಫೋಟೋ ಎಲ್ಲಾ ಅದರಲ್ಲಿತ್ತು. ಡಿಸ್ಕ್ ಒಳಗಿನ ಚಿಕ್ಕ ಬೋರ್ಡ್ ಸರಿ ಮಾಡಿಸಿ ಫೋಟೋ ವಾಪಸ್ ತೆಗೆಯೋವರೆಗೂ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಯಾವುದೇ ಎಸ್‌ಎಂಪಿಎಸ್ ಬಿಚ್ಚಿದರೂ ಅದರ ಕೇಬಲ್‌ಗಳನ್ನ ಅದಕ್ಕೇ ಕಟ್ಟಿ ಇಡ್ತೀನಿ.

ಹಳೇಪೆಟ್ಟಿಗೆ:
ಮೊದಲ ಕಂತು ಮುಗೀತು. 500 ಜಿಬಿ ಸಾಟಾ ಎಸ್‌ಎಸ್‌ಡಿ, ಜೊತೆಗೆ ಹಳೇ 8 ಜಿಬಿ 3200 ಸ್ಟಿಕ್ ಒಂದು.

ರ್ಯಾಮ್ ಹಾಕಿದಾಗ ಮೊದಲು 8 ಜಿಬಿಯನ್ನೇ ತೋರಿಸಿತು. ಎದೆ ಧಸಕ್ ಅಂತು. ಬಿಚ್ಚಿ ನೋಡಿದರೆ ಸ್ಲಾಟ್ ಒಳಗೆ ವರ್ಷಗಳ ಧೂಳು ಗಟ್ಟಿಯಾಗಿ ಕೂತಿತ್ತು. ಬ್ರಷ್‌ನಿಂದ ತೆಗೆದು, ಸ್ಟಿಕ್‌ನ ಚಿನ್ನದ ಬಣ್ಣದ ಅಂಚನ್ನ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಎರಡೂ ಕಡೆ ಕಟಕ್ ಅನ್ನೋವರೆಗೆ ಒತ್ತಿದೆ. 16 ಬಂತು! ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿತು, ಒಂದೂ ತಪ್ಪಿಲ್ಲ.

ಕಂಪ್ಯೂಟರ್ ಈಗ 25 ಸೆಕೆಂಡಿಗೆ ಶುರುವಾಗುತ್ತೆ. ಅಮ್ಮ ಬಂದು ಹೊಸದು ತಂದೆಯಾ ಅಂತ ಕೇಳಿದರು. ಹಳೇ ಡಿಸ್ಕ್‌ನಲ್ಲಿ ಈಗ ವಿಡಿಯೋ ಫೈಲ್ ಮಾತ್ರ ಇಟ್ಟಿದ್ದೀನಿ. ಆದರೆ ಟೈಮ್‌ಲೈನ್ ಇನ್ನೂ ಸ್ವಲ್ಪ ತಡವರಿಸುತ್ತೆ. ತಂಗಿಯ ರೆಂಡರ್ ಅದೇ 38 ನಿಮಿಷ.

ನೀಲಿಪರದೆ:
ಟೈಮ್‌ಲೈನ್‌ಗೆ ದುಡ್ಡು ಬೇಡ. ಎಡಿಟರ್‌ನಲ್ಲಿ ಪ್ರಾಕ್ಸಿ ಅಂತ ಇರುತ್ತೆ, ಆನ್ ಮಾಡಿ. ದೊಡ್ಡ ಫೈಲ್‌ಗಳ ಸಣ್ಣ ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ನಡೆಯುತ್ತೆ. ಎಕ್ಸ್‌ಪೋರ್ಟ್ ಮಾತ್ರ ಮೂಲ ಫೈಲ್‌ನಿಂದ. ಫೋನ್‌ನಲ್ಲಿ ತೆಗೆದ ವಿಡಿಯೋ ಬಿಗಿಯಾಗಿ ಹಿಂಡಿದ್ದು, ಅದನ್ನ ಪ್ರತಿ ಕ್ಷಣ ಬಿಡಿಸೋದೇ ನಿಮ್ಮ ಪ್ರೊಸೆಸರ್‌ಗೆ ಭಾರ.

ರೆಂಡರ್‌ರಾತ್ರಿ:
ಬ್ಲೆಂಡರ್ ವಿಷಯ ನನಗೆ ಬಿಡಿ, ದಿನಾ ಅದರಲ್ಲೇ ಇರ್ತೀನಿ. ರೆಂಡರ್‌ಗೆ ಈಗ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಇಲ್ಲಿ ಕಾರ್ಡ್ ಪ್ರೊಸೆಸರ್‌ಗಿಂತ ಎಷ್ಟೋ ಪಟ್ಟು ಮುಂದೆ.

ನೋಡಬೇಕಾದ್ದು ಮೊದಲು ಕಾರ್ಡ್‌ನ ಮೆಮೊರಿ. ಸೀನ್ ಪೂರ್ತಿ ಅದರೊಳಗೆ ಹಿಡಿಯಬೇಕು. 4 ಜಿಬಿ ಕಾರ್ಡ್‌ಗೆ ಓದುವ ಮಕ್ಕಳ ಪ್ರಾಜೆಕ್ಟ್ ಕೂಡ ಬೇಗ ತುಂಬಿ ಹೋಗುತ್ತೆ. ಎರಡನೇದು, ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಆಪ್ಟಿಕ್ಸ್ ಅಂತ ಒಂದು ದಾರಿ ಇದೆ, ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್ ಅದರಲ್ಲಿ ತುಂಬಾ ಚುರುಕು. ಗೇಮ್ ಆಡೋಕೆ ಕೇಳಿದ್ದರೆ ಎಎಂಡಿ ಕಾರ್ಡ್‌ಗಳನ್ನೂ ಹೇಳುತ್ತಿದ್ದೆ. ಸೈಕಲ್ಸ್‌ಗೆ ಇದು. ಹಳೇ ಆರ್‌ಟಿಎಕ್ಸ್ 3060 ಹುಡುಕಿ, 12 ಜಿಬಿಯದ್ದು. 2021ರದ್ದು, ಈಗಲೂ ಈ ಕೆಲಸಕ್ಕೆ ಗಟ್ಟಿ. ಅದರಲ್ಲಿ 8 ಜಿಬಿಯದ್ದೂ ಇದೆ, ಡಬ್ಬದ ಮೇಲೆ ಓದಿಯೇ ತಗೊಳ್ಳಿ.

ಎಎಂಡಿಯ ಆರ್‌ಎಕ್ಸ್ 6400 ಥರದ ಚಿಕ್ಕ ಕಾರ್ಡ್‌ಗಳು ಬೇರೆ ಕೇಬಲ್ ಇಲ್ಲದೆ ಸ್ಲಾಟ್‌ನ 75 ವ್ಯಾಟ್‌ನಲ್ಲೇ ಓಡುತ್ತವೆ ಅಂತ ಆಸೆ ಹುಟ್ಟುತ್ತೆ. 6400 ನಾಲ್ಕೇ ಲೇನ್‌ದು (ಲೇನ್ ಅಂದ್ರೆ ಬೋರ್ಡ್ ಜೊತೆ ಡೇಟಾ ಓಡಾಡೋ ದಾರಿ), ನಿಮ್ಮ ಪಿಸಿಐಇ 3.0 ಬೋರ್ಡ್‌ನಲ್ಲಿ ಅದರ ದಾರಿ ಅರ್ಧಕ್ಕೆ ಇಳಿಯುತ್ತೆ. ವಿಡಿಯೋ ಎಕ್ಸ್‌ಪೋರ್ಟ್‌ಗೆ ನೆರವಾಗೋ ಎನ್‌ಕೋಡರ್ ಕೂಡ ಅದರಲ್ಲಿಲ್ಲ. ನಿಮ್ಮ ಎರಡು ಕೆಲಸಕ್ಕೂ ಆಗಿಬರಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡೋಕೆ ಹೋದಾಗ ಅರ್ಧ ಗಂಟೆ ಲೋಡ್ ಹಾಕಿ ಅಲ್ಲೇ ನಿಲ್ಲಿ. ಪರದೆ ಮೇಲೆ ಚುಕ್ಕಿ, ಗೆರೆ ಬರ್ತವಾ ನೋಡಿ. ಫ್ಯಾನ್ ಎಲ್ಲಾ ತಿರುಗ್ತಾವಾ, ಗರಗರ ಅಂತಾವಾ ಕೇಳಿ. ಹೋಗೋ ಮುಂಚೆ ನಿಮ್ಮ ಕ್ಯಾಬಿನೆಟ್ ಒಳಗೆ ಟೇಪ್ ಹಿಡಿದು ಅಳೆಯಿರಿ. ಮುಂದಿನ ಹಾರ್ಡ್ ಡಿಸ್ಕ್ ಗೂಡು ಎಷ್ಟೋ ಸಲ ಅಡ್ಡ ಬರುತ್ತೆ.

ಹಳೇಪೆಟ್ಟಿಗೆ:
ಅಳೆದೆ. ಗೂಡಿನವರೆಗೆ 25 ಸೆಂಟಿಮೀಟರ್ ಇದೆ. ಎರಡು ಫ್ಯಾನ್‌ನ ಚಿಕ್ಕ ಮಾದರಿ ಕೂರುತ್ತೆ. ಮೂರು ಫ್ಯಾನ್‌ದು ಆಗಲ್ಲ.

ಹಳೇಪೆಟ್ಟಿಗೆ:
(ಮೂರು ತಿಂಗಳ ನಂತರ) ಎಸ್‌ಎಂಪಿಎಸ್ ಹೊಸದು, 550 ವ್ಯಾಟ್. 3060 ಹಳೇದು, 12 ಜಿಬಿ. ಬ್ಲೆಂಡರ್‌ನಲ್ಲಿ ಪ್ರಿಫರೆನ್ಸಸ್, ಸಿಸ್ಟಂ ಒಳಗೆ ಹೋಗಿ ಆಪ್ಟಿಕ್ಸ್ ಆರಿಸಬೇಕು ಅಂತ ಗೊತ್ತಿರಲಿಲ್ಲ. ಮೊದಲ ದಿನ ಪೂರ್ತಿ ಪ್ರೊಸೆಸರ್‌ನಲ್ಲೇ ರೆಂಡರ್ ಆಗ್ತಾ ಇತ್ತು. ಆರಿಸಿದ ಮೇಲೆ ಅದೇ ಫ್ರೇಮ್ 3 ನಿಮಿಷದೊಳಗೆ ಮುಗೀತು. ತಂಗಿ ಸುಮ್ನೆ ಪರದೆ ನೋಡ್ತಾ ಕೂತುಬಿಟ್ಟಳು. ಆಮೇಲೆ ಇನ್ನೊಂದು ಸಲ ಹಾಕು ಅಂದಳು, ನಂಬಿಕೆ ಬರಲಿಲ್ಲ ಅವಳಿಗೆ.

ಈಗ ಬೋರ್ಡ್, ಪ್ರೊಸೆಸರ್. ಯಾವುದು?

ತಿರುಪುಳಿ:
ರೈಜನ್ 5 5600 ಇಲ್ಲವೇ ಐ5 12400. ಎರಡೂ 2022ರವು, ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಬೋರ್ಡ್ ಸೇರಿಸಿ ಯಾವುದು ಅಗ್ಗಕ್ಕೆ ಸಿಗುತ್ತೋ ಅದು. ಇದರಲ್ಲಿ ಜಗಳ ಆಡುವಷ್ಟು ವ್ಯತ್ಯಾಸ ಇಲ್ಲ.

ಇಂಟೆಲ್ ಕಡೆ ಹೋದರೆ ಬೋರ್ಡ್ ಹೆಸರಿನಲ್ಲಿ ಡಿ4 ಅಥವಾ ಡಿಡಿಆರ್4 ಇದೆಯಾ ಎರಡು ಸಲ ನೋಡಿ. ಒಂದೇ ಬೋರ್ಡ್ ಎರಡು ಥರದ್ದು ಬಂದಿರುತ್ತೆ. ಪ್ರೊಸೆಸರ್ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರಲ್ಲ. ನಿಮಗೆ ಕಾರ್ಡ್ ಇದೆ, ನಡೆಯುತ್ತೆ. 5600ರಲ್ಲೂ ಇಲ್ಲ.

ಎಎಂ4ಗೆ ಹೋದರೆ ಬಯೋಸ್ (ಕಂಪ್ಯೂಟರ್ ಶುರು ಮಾಡೋ, ಬೋರ್ಡ್ ಒಳಗಿನ ಸಾಫ್ಟ್‌ವೇರ್) ಎಷ್ಟು ಹೊಸದು ಅಂತ ಕೇಳಿ. ಬಿ450 ಬೋರ್ಡ್ 2018ರದ್ದು, 5000 ಸರಣಿ ಬಂದಿದ್ದು 2020ರ ನವೆಂಬರ್‌ನಲ್ಲಿ. ಹಳೇ ಬಯೋಸ್ ಇದ್ದರೆ ಚಿಪ್ ಇದೆ ಅಂತಲೇ ಅದಕ್ಕೆ ಗೊತ್ತಾಗಲ್ಲ. ಮಾರುವವರ ಹತ್ತಿರವೇ ಅಪ್‌ಡೇಟ್ ಮಾಡಿಸಿಕೊಳ್ಳಿ.

ವಿಂಡೋಸ್ 11 ಹಾಕೋ ಮುಂಚೆ ಒಂದು ಕೆಲಸ. ನಿಮ್ಮ ಡಿಸ್ಕ್ ಎಂಬಿಆರ್ ಅನ್ನೋ ಹಳೇ ವಿಂಗಡಣೆಯಲ್ಲಿದ್ದರೆ ಬ್ಯಾಕಪ್ ತೆಗೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿಯಿಂದ ಹೊಸದಾದ ಜಿಪಿಟಿಗೆ ಬದಲಾಯಿಸಿ. ಹೊಸ ಬೋರ್ಡ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಮಾಡಿದರೆ ಎಂಬಿಆರ್ ಡಿಸ್ಕ್ ಬೂಟ್ ಆಗಲ್ಲ.

ನೀಲಿಪರದೆ:
ಸೆಕೆಂಡ್ ಹ್ಯಾಂಡ್ ಎಎಂ4 ಬೋರ್ಡ್, ಪ್ರೊಸೆಸರ್ ಒಟ್ಟಿಗೆ ತಗೊಂಡರೆ ಕೂಲರ್ ಎಳೆಯಬೇಡಿ. ನಾನು ಎಳೆದೆ. ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಾಗಿತ್ತು. ಸಾಕೆಟ್ ಲಾಕ್ ಆಗಿದ್ದ ಹಾಗೇ ಚಿಪ್ ಕಿತ್ತು ಕೂಲರ್ ಜೊತೆ ಮೇಲೆ ಬಂತು. ಎಎಂ4ನಲ್ಲಿ ಪಿನ್ ಚಿಪ್‌ಗೇ ಇರುತ್ತೆ, ಏಳೆಂಟು ಬಾಗಿ ಹೋದವು. ಬ್ಲೇಡ್ ತುದಿಯಿಂದ ಒಂದೊಂದೇ ನೇರ ಮಾಡೋಕೆ ಮೂರು ಗಂಟೆ ಹಿಡೀತು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನ ಎಡಕ್ಕೆ ಬಲಕ್ಕೆ ತಿರುವಿ. ತಾನೇ ಸಡಿಲ ಆಗುತ್ತೆ.

ಹಳೇಪೆಟ್ಟಿಗೆ:
5600, ಬಿ550 ಬೋರ್ಡ್. ಇವತ್ತು ಜೋಡಿಸಿದೆ. ಫ್ಯಾನ್ ಎಲ್ಲಾ ತಿರುಗುತ್ತೆ, ಲೈಟ್ ಬರುತ್ತೆ, ಪರದೆ ಮಾತ್ರ ಕಪ್ಪು. ಮಾನಿಟರ್ ಕೇಬಲ್ ಕಾರ್ಡ್‌ಗೇ ಹಾಕಿದ್ದೀನಿ. ರ್ಯಾಮ್ ಒಂದೊಂದೇ ಹಾಕಿ ನೋಡಿದೆ. ಬಯೋಸ್ ಹೊಸದು ಅಂತ ಕೊಟ್ಟವರು ತೋರಿಸಿಯೇ ಕೊಟ್ಟರು. ಕೈ ನಡುಗ್ತಾ ಇದೆ.

ರಿಪೇರಿಅಕ್ಕ:
ಗಾಬರಿ ಬೇಡ, ಏನೂ ಸುಟ್ಟಿಲ್ಲ. ಬೋರ್ಡ್‌ನ ಮೇಲಿನ ಎಡ ಮೂಲೆ ನೋಡಿ, ಪ್ರೊಸೆಸರ್ ಪಕ್ಕ. ಅಲ್ಲಿ 8 ಪಿನ್‌ನ ಜಾಗ ಇರುತ್ತೆ. ಅದಕ್ಕೆ ಕೇಬಲ್ ಹೋಗಿದೆಯಾ?

ಹಳೇಪೆಟ್ಟಿಗೆ:
ಇಲ್ಲ! ಹಳೇ ಬೋರ್ಡ್‌ನಿಂದ ತೆಗೆದಿದ್ದು ಎಸ್‌ಎಂಪಿಎಸ್ ಹಿಂದೆ ಹಾಗೇ ಬಿದ್ದಿತ್ತು.

ಹಳೇಪೆಟ್ಟಿಗೆ:
ಬಂತು. ವಿಂಡೋಸ್ ತೆರೆದುಕೊಂಡಿತು, ಫೈಲ್‌ಗಳೆಲ್ಲಾ ಇದ್ದಲ್ಲೇ ಇವೆ. ರ್ಯಾಮ್ 2400ರಲ್ಲಿ ಓಡ್ತಾ ಇದೆ, ಆಮೇಲೆ ತಂದ ಸ್ಟಿಕ್ 3200 ಅಲ್ವಾ?

ನೀಲಿಪರದೆ:
ಎರಡರಲ್ಲಿ ನಿಧಾನದ್ದರ ಜೊತೆ ಇನ್ನೊಂದೂ ನಡೆಯುತ್ತೆ. ನಿಮ್ಮ ಮೊದಲ ಸ್ಟಿಕ್ 2400ದು. ಇವತ್ತು ಅದನ್ನ ಮುಟ್ಟಬೇಡಿ, ರೆಂಡರ್‌ಗೆ ಅಷ್ಟು ವ್ಯತ್ಯಾಸ ಬರಲ್ಲ. ಬೆಲೆ ಇಳಿದಾಗ ಇನ್ನೊಂದು 3200 ಹುಡುಕಿ ಜೋಡಿ ಮಾಡಿ, ಆಗ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ್ಯಾಮ್ ಪೂರ್ತಿ ವೇಗದಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಮಾಡಿದರೆ ಆಯ್ತು.

ಹಳೇಪೆಟ್ಟಿಗೆ:
ಸರಿ ಸರ್. ಹಳೇ ಬೋರ್ಡ್, ಐ5, ಹಳೇ ಎಸ್‌ಎಂಪಿಎಸ್ ಒಂದು ಡಬ್ಬದಲ್ಲಿ ಹಾಕಿದ್ದೀನಿ. ಆ ಎಸ್‌ಎಂಪಿಎಸ್ ಸ್ಟಿಕ್ಕರ್ ಮೇಲೆ 192 ಅಂತ ಪೆನ್ನಲ್ಲಿ ದೊಡ್ಡದಾಗಿ ಬರೆದಿದ್ದೀನಿ, ಮುಂದೆ ಯಾರ ಕೈಗೆ ಹೋದರೂ ಗೊತ್ತಾಗಲಿ ಅಂತ.